ಅಟ್ಟದ ಮೇಲೆಷ್ಟು ಕಾಯಿ?

ಭಾನುವಾರ ಬೆಳಿಗ್ಗೆ ಎಂಟೂವರೆಗೆ ನಾನು ಅಡುಗೆಮನೆಯ ಹೊಸ್ತಿಲ ಬಳಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆ. ಮೂರು ಕಾಳು ಪಾತ್ರೆಗೆ ಬಿದ್ದರೆ ನಾಲ್ಕನೆಯದು ಫ್ರಿಜ್ಜಿನ ಕೆಳಗೆ ಹೋಗುತ್ತಿತ್ತು. ಎದುರಿಗೆ ನನ್ನ ಹೆಂಡತಿ ಶಿಲ್ಪಾ ಲ್ಯಾಪ್‌ಟಾಪ್ ತೆರೆದುಕೊಂಡು ನಿಟ್ಟುಸಿರು ಬಿಡುತ್ತಿದ್ದಳು. ಅವಳು ಅರಸೀಕೆರೆಯ ಪಿಯು ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕಿ. ಅವಳ ಇಬ್ಬರು ವಿದ್ಯಾರ್ಥಿಗಳು ಜಿಲ್ಲಾ ಸ್ಪರ್ಧೆಗೆ ಮೂರು ನಿಮಿಷದ ಮ್ಯೂಸಿಕ್ ವಿಡಿಯೊ ಮಾಡಬೇಕಿತ್ತು. ವಿಷಯ, ನಮ್ಮೂರಿನ ಸದ್ದು. ಗಡುವು, ಶುಕ್ರವಾರ ಸಂಜೆ ಐದು ಗಂಟೆ.

"ಇದನ್ನ ನನಗೆ ಬಿಡು" ಎಂದೆ.

"ಕಾಳು ಮುಗೀತಾ?"

"ಇಪ್ಪತ್ತಾರು ವರ್ಷ ಪತ್ರಿಕೆಗೆ ನುಡಿಚಿತ್ರ ಬರೆದವನು ನಾನು. ಯಾರನ್ನ ಎಲ್ಲಿ ನಿಲ್ಲಿಸ್ಬೇಕು, ಏನು ಕೇಳ್ಬೇಕು, ಎಷ್ಟು ಹೊತ್ತಿಗೆ ಮುಗಿಸ್ಬೇಕು, ಎಲ್ಲ ಗೊತ್ತು. ಮಕ್ಕಳು ಹಾಡ್ಲಿ. ಯೋಜನೆ ನನ್ನದು."

ಶಿಲ್ಪಾ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು. ಆಮೇಲೆ ಬಗ್ಗಿ ಫ್ರಿಜ್ಜಿನ ಕೆಳಗಿನ ಕಾಳುಗಳನ್ನು ಪೊರಕೆಯಿಂದ ಎಳೆಯತೊಡಗಿದಳು.

ಹತ್ತು ಗಂಟೆಗೆ ಮಕ್ಕಳು ಬಂದರು. ಸಂಗೀತ ಹರ್ಷಿತಾಳದು, ಕ್ಯಾಮೆರಾ ಮಹಾಂತೇಶನದು. ಇಬ್ಬರೂ ಎರಡನೇ ಪಿಯುಸಿ. ಅಷ್ಟರಲ್ಲಿ ನಾನು ನಲವತ್ತೆರಡು ಸಾಲಿನ ಆನ್‌ಲೈನ್ ಶೀಟ್ ತಯಾರಿಸಿ ಎಲ್ಲರಿಗೂ ಹಂಚಿದ್ದೆ. ಸ್ಥಳ, ಸಮಯ, ಬಿಸಿಲಿನ ದಿಕ್ಕು, ತಿಂಡಿ, ಹೀಗೆ ಒಂದೊಂದಕ್ಕೂ ಒಂದು ಬಣ್ಣ. ಮೊದಲ ಸಾಲಿನಲ್ಲಿ ಹಳೇಬೀಡು ಎಂದಿತ್ತು.

ಹರ್ಷಿತಾ ಶೀಟನ್ನು ಕೊನೆಯವರೆಗೂ ಓದಿದಳು. "ಸಾರ್, ಹೋದ ವರ್ಷ ಹದಿನಾಲ್ಕು ಟೀಮಲ್ಲಿ ಒಂಬತ್ತು ಟೀಮು ದೇವಸ್ಥಾನದ ಮುಂದೇನೇ ಕುಣಿದಿದ್ವು. ಬೇಲೂರಿನೋರು ದಿನಾ ಅಲ್ಲೇ ಓಡಾಡೋರು. ಅವರಿಗಿಂತ ಚೆನ್ನಾಗಿ ನಾವು ತೆಗೀತೀವಾ?"

"ಹೊಯ್ಸಳ ಶಿಲ್ಪ ಕಣಮ್ಮ."

"ಚೆನ್ನಾಗಿದೆ ಸಾರ್. ಆದ್ರೆ ಸದ್ದು ಮಾಡಲ್ವಲ್ಲ."

ನಾನು ಶೀಟಿನ ಮೊದಲ ಸಾಲಿನ ಬಣ್ಣ ಬದಲಿಸಿದೆ.

ಅವಳ ಮನಸ್ಸಿನಲ್ಲಿದ್ದದ್ದು ಕೊಬ್ಬರಿ. ನಮ್ಮ ತಾಲ್ಲೂಕಿನಲ್ಲಿ ತೆಂಗಿನಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ಎಂದು ನೋಡಲು ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ನೀರಿದ್ದರೆ ಗೊಳಕ್ ಎನ್ನುತ್ತದೆ. ಅರ್ಧ ಒಣಗಿದ್ದರೆ ಸುಮ್ಮನಿರುತ್ತದೆ. ಆಗಿದ್ದರೆ ಗಡಗಡ.

"ಆ ಗಡಗಡಾನೇ ತಾಳ ಸಾರ್" ಎಂದಳು. "ಒಂದೊಂದು ಕಾಯಿದು ಒಂದೊಂದು ಸ್ವರ. ರೆಕಾರ್ಡ್ ಮಾಡಿ ಆ್ಯಪಲ್ಲಿ ಹಾಕಿದ್ರೆ ಬೇರೆ ವಾದ್ಯಾನೇ ಬೇಡ."

ಬೇರೆ ವಾದ್ಯ ಅವಳ ಬಳಿ ಇರಲೂ ಇಲ್ಲ. ಎರಡು ವರ್ಷ ಕಾಲೇಜಿನ ಬಸ್ಸಿನಲ್ಲಿ ಹೋಗಿ ಬರುತ್ತ, ಗಾಜು ಒಡೆದ ಫೋನಿನಲ್ಲಿ ರಾಗ ಕಟ್ಟಿದವಳು. ಗೆದ್ದ ತಂಡಕ್ಕೆ ಮೈಸೂರಿನ ಸ್ಟುಡಿಯೊ ಒಂದರಲ್ಲಿ ಹತ್ತು ದಿನ ತರಬೇತಿ. ಮುಂದಿನ ವರ್ಷ ಅವಳು ಕಾಲೇಜು ಬಿಟ್ಟಿರುತ್ತಾಳೆ. ಇರುವುದು ಇದೊಂದೇ ಅವಕಾಶ.

ಅದೃಷ್ಟಕ್ಕೆ, ಕಣಕಟ್ಟೆಯಲ್ಲಿ ನನ್ನ ಅತ್ತೆ ಗುರುಸಿದ್ದಮ್ಮನವರು ಮರುದಿನವೇ ಅಟ್ಟದ ಕಾಯಿ ಇಳಿಸುವವರಿದ್ದರು. ಕಾಲೇಜಿಗೂ ರಜೆ. ಎಲ್ಲರೂ ಹೊರಟೆವು.

ಅಲ್ಲಿ ನಾನು ನನ್ನ ಫೋನನ್ನು ಹೊರತೆಗೆದೆ. ಸಂದರ್ಶನಕ್ಕೆಂದೇ ಕೊಂಡ ಫೋನದು. ಸಂತೆಯ ನಡುವೆ ನಿಂತು ಮಾತಾಡಿಸಿದರೂ ಮಾತನ್ನು ಹೆಕ್ಕಿ ಕೊಡುತ್ತದೆ. "ಧ್ವನಿ ಇದರಲ್ಲಿ" ಎಂದು ಘೋಷಿಸಿದೆ. ಎರಡು ಫೋನಿನ ಧ್ವನಿ ಕಲಸುಮೇಲೋಗರ ಆಗಬಾರದೆಂದು ಮಹಾಂತೇಶನ ಫೋನಿನ ಮೈಕಿನ ತೂತುಗಳಿಗೆಲ್ಲ ಕರೆಂಟಿನವರು ಸುತ್ತುವ ಕಪ್ಪು ಟೇಪು ಅಂಟಿಸಿದೆ. ಎರಡು ಸುತ್ತು.

"ಸಾರ್, ಅದೂ ಇರ್ಲಿ ಬಿಡಿ, ಬ್ಯಾಕಪ್ಪಿಗೆ" ಎಂದ ಮಹಾಂತೇಶ್.

"ವೃತ್ತಿಪರರು ಹಂಗೆ ಮಾಡಲ್ಲಪ್ಪ."

ಅತ್ತೆ ನಲವತ್ತು ನಿಮಿಷ ಕಾಯಿ ಅಲ್ಲಾಡಿಸಿದರು. ಆದವು ಒಂದು ಕಡೆ, ಆಗದವು ಮರಳಿ ಅಟ್ಟಕ್ಕೆ. ಮಧ್ಯಾಹ್ನವೇ ಸುಲಿಯುವವರು ಬಂದು ಆದ ಕಾಯಿಗಳನ್ನೆಲ್ಲ ಸುಲಿದು, ಚಿಪ್ಪು ಒಡೆದು, ಕೊಬ್ಬರಿ ತೆಗೆದು ಚೀಲಕ್ಕೆ ತುಂಬಿದರು. ನಾವು ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದು ಬಂದೆವು.

ಸಂಜೆ ನಮ್ಮ ಮನೆಯ ಹಾಲಿನಲ್ಲಿ ಸ್ಪೀಕರಿಗೆ ಫೋನ್ ಜೋಡಿಸಿ, ಎಲ್ಲರನ್ನೂ ಸುಮ್ಮನಿರಿಸಿ, ಕೇಳಿಸಿದೆ.

"ಇದು ಆಗೈತೆ" ಎಂದಿತು ಸ್ಪೀಕರು, ಅತ್ತೆಯ ದನಿಯಲ್ಲಿ. ಅತ್ತೆ ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ಪಷ್ಟ. ಆಮೇಲೆ ಮೌನ. "ಇದು ಆಗಿಲ್ಲ." ಮೌನ. "ಇದು ಆಗೈತೆ." ಮೌನ.

ಗಡಗಡ ಎಲ್ಲೂ ಇಲ್ಲ.

ಹರ್ಷಿತಾ ನನ್ನ ಫೋನ್ ಇಸಿದುಕೊಂಡು ಸೆಟ್ಟಿಂಗ್ಸ್ ನೋಡಿದಳು. "ಸಾರ್, ಗದ್ದಲ ತೆಗೆಯೋದು ಆನ್ ಇದೆ. ಮನುಷ್ಯರ ಮಾತು ಬಿಟ್ಟು ಮಿಕ್ಕಿದ್ದೆಲ್ಲ ಗದ್ದಲ ಅಂತ ಅಳಿಸಿಬಿಟ್ಟಿದೆ."

ಅಳಿಸದೆ ಉಳಿಸಿದ್ದನ್ನು ಆ ಫೋನು ನಿಷ್ಠೆಯಿಂದ ಒದಗಿಸುತ್ತಿತ್ತು. ಕಣಕಟ್ಟೆಯ ಹಜಾರದ ಆಚೆ ತುದಿಯಲ್ಲಿ ಅತ್ತೆ ಮಗಳ ಕಿವಿಯಲ್ಲಿ ಹೇಳಿದ್ದು ಈಗ ಹಾಲಿಗೆಲ್ಲ ಕೇಳಿಸಿತು: "ನಿನ್ನ ಗಂಡ ಆ ಹುಡುಗನ ಫೋನಿಗೆ ಯಾಕೆ ಪಟ್ಟಿ ಕಟ್ತಾವ್ರೆ?"

"ಸುಮ್ನಿರವ್ವ. ಅವರಿಗೆ ಖುಷಿಯಾಗೈತೆ."

ಮಹಾಂತೇಶ್ ಕೆಮ್ಮಿದ. ಶಿಲ್ಪಾ ಕಾಫಿ ತರುತ್ತೇನೆಂದು ಒಳಗೆ ಹೋದಳು. ಹರ್ಷಿತಾ ಮಾತ್ರ ನಗಲಿಲ್ಲ. ಬ್ಯಾಗಿನ ಜಿಪ್ಪು ಎಳೆದು, ತೆಗೆದು, ಮತ್ತೆ ಎಳೆದಳು. ಒಡೆದ ಕಾಯಿ ಮತ್ತೆ ಕೂಡುವುದಿಲ್ಲ, ಅಟ್ಟದಲ್ಲಿ ಉಳಿದವು ಇನ್ನೂ ಎರಡು ತಿಂಗಳು ಬಾಯಿ ಬಿಡುವುದಿಲ್ಲ. ಗಡುವಿಗೆ ನಾಲ್ಕು ದಿನ.

"ಯೋಚನೆ ಮಾಡಬೇಡ" ಎಂದೆ. "ನಾಳೆಯೊಳಗೆ ವ್ಯವಸ್ಥೆ ಮಾಡ್ತೀನಿ."

ಮಂಗಳವಾರ ಬೆಳಿಗ್ಗೆ ನಾನು ಒಂದು ಆನ್‌ಲೈನ್ ಫಾರಂ ರಚಿಸಿದೆ. ಕಣಕಟ್ಟೆಯಲ್ಲಿ ಯಾರ ಮನೆಯಲ್ಲಿ ಆದ ಕಾಯಿ ಇದೆಯೆಂದು ತಿಳಿದರೆ ಸಾಕು, ನೇರ ಹೋಗಿ ಸದ್ದು ಹಿಡಿಯಬಹುದು. ಪ್ರಶ್ನೆ ನಾಲ್ಕೇ. ನಿಮ್ಮ ಅಟ್ಟದ ಮೇಲೆ ಒಟ್ಟು ಎಷ್ಟು ಕಾಯಿ ಇವೆ? ಹಾಕಿ ಎಷ್ಟು ತಿಂಗಳಾಯಿತು? ಯಾವಾಗ ಇಳಿಸುತ್ತೀರಿ? ಮನೆಯ ಲೊಕೇಶನ್ ಕಳಿಸಿ. ನಾಲ್ಕಕ್ಕೂ ಉತ್ತರ ಕಡ್ಡಾಯ. ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಸ್ನಾನಕ್ಕೆ ಹೋದೆ.

ಬರುವಷ್ಟರಲ್ಲಿ ಉತ್ತರ ಸೊನ್ನೆ. ಹನ್ನೊಂದು ಜನ ಗುಂಪು ಬಿಟ್ಟಿದ್ದರು.

ಮಧ್ಯಾಹ್ನ ಮಾವ ಮರುಳಪ್ಪನವರು ಫೋನ್ ಮಾಡಿದರು. ಅವರು ಮಿತಭಾಷಿ. "ಅಳಿಯಂದ್ರೇ, ಪತ್ರಿಕೆ ಕೆಲಸ ಬಿಟ್ರಾ?"

"ಇಲ್ವಲ್ಲ ಮಾವ."

"ಕೊಬ್ಬರಿ ವ್ಯಾಪಾರಕ್ಕೆ ಇಳಿದವ್ರೆ ಅಂತಾವ್ರೆ. ಬೆಳಗಿಂದ ಆರು ಜನ ಬಂದು ಕೇಳಿದ್ರು. ಇಬ್ಬರು ಅಟ್ಟಕ್ಕೆ ಬೀಗ ಹಾಕವ್ರೆ."

ಸಂಜೆ ಕಾಲೇಜಿನಿಂದ ಬಂದ ಶಿಲ್ಪಾ ಫಾರಂ ಓದಿದಳು. ಕಪಾಟಿನಿಂದ ನನ್ನ ಲೇಖನಗಳ ಕಡತ ತೆಗೆದು, ಹಳದಿಯಾದ ಒಂದು ತುಣುಕನ್ನು ಗಟ್ಟಿಯಾಗಿ ಓದಿದಳು: "'ಈ ಸೀಮೆಯಲ್ಲಿ ಹೆಣ್ಣಿನ ವಯಸ್ಸು ಕೇಳಬಹುದು, ಗಂಡಿನ ಸಂಬಳ ಕೇಳಬಹುದು. ಅಟ್ಟದ ಮೇಲೆ ಎಷ್ಟು ಕಾಯಿ ಇದೆ ಎಂದು ಕೇಳುವವರು ಇಬ್ಬರೇ. ಒಬ್ಬ ವ್ಯಾಪಾರಿ, ಇನ್ನೊಬ್ಬ ಕಳ್ಳ.' ಯಾರು ರೀ ಇದನ್ನ ಬರೆದೋರು?"

"ಚೆನ್ನಾಗಿದೆ" ಎಂದೆ.

"ಬರೆದೋರು ಒಂದ್ಸಲ ಓದಿದ್ರೆ ಇನ್ನೂ ಚೆನ್ನಾಗಿರ್ತಿತ್ತು."

ನಾನು ಫಾರಂ ಅಳಿಸಿದೆ. ಗುಂಪಿನಲ್ಲಿ ಕ್ಷಮೆ ಕೇಳಿದೆ. ಇನ್ನೂ ನಾಲ್ವರು ಗುಂಪು ಬಿಟ್ಟರು.

ಹರ್ಷಿತಾಳಿಗೆ ವಿಷಯ ಹೇಳುವ ಕೆಲಸ ಶಿಲ್ಪಾ ನನಗೇ ಬಿಟ್ಟಳು. ಫೋನಿನಲ್ಲಿ ಹೇಳಿದೆ. ಆ ಕಡೆ ಬ್ಯಾಗಿನ ಜಿಪ್ಪು ಎಳೆದ ಸದ್ದಾಯಿತು.

"ಹರ್ಷಿತಾ, ತಪ್ಪು ನನ್ನದು. ಸ್ಪರ್ಧೆಯವರಿಗೆ ಪತ್ರ ಬರೆದು ಎರಡು ದಿನ ಹೆಚ್ಚಿಗೆ ಕೇಳಲಾ?"

"ಬೇಡ ಸಾರ್. ನಿಮ್ಮ ಅತ್ತೆ ನಂಬರ್ ಕೊಡ್ತೀರಾ? ಆಮೇಲೆ ಸಾರ್, ಬೇಜಾರು ಮಾಡ್ಕೋಬೇಡಿ. ನೀವು ಬರೋದು ಬೇಡ."

ಬುಧವಾರ ಮೂರು ಗಂಟೆಯ ಬಸ್ಸಿಗೆ ಅವಳೂ ಮಹಾಂತೇಶನೂ ಕಣಕಟ್ಟೆಗೆ ಹೋದರು. ಅಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಮಹಾಂತೇಶ್ ಹೇಳಿದ್ದನ್ನು ಬರೆಯುತ್ತಿದ್ದೇನೆ.

ಅತ್ತೆ ಅವರನ್ನು ಮೊದಲು ವಿಶಾಲಮ್ಮನವರ ಮನೆಗೆ ಕರೆದೊಯ್ದರು. ಬೀಗ ಹಾಕಿದ್ದ ಎರಡು ಅಟ್ಟಗಳಲ್ಲಿ ಅದೂ ಒಂದು. ವಿಶಾಲಮ್ಮ ಬಾಗಿಲಿಗೆ ಅಡ್ಡ ನಿಂತರು. "ಲೆಕ್ಕ ಬರ್ಕೊಳಕ್ಕೆ ಬಂದ್ರಾ?"

"ಲೆಕ್ಕ ಬೇಡ ಅಜ್ಜಿ. ಅಟ್ಟಾನೂ ತೋರಿಸ್ಬೇಡಿ" ಎಂದಳು ಹರ್ಷಿತಾ. "ಒಂದೇ ಒಂದು ಆದ ಕಾಯಿ ಕೆಳಗೆ ತಂದು ನೀವೇ ಅಲ್ಲಾಡ್ಸಿ. ನಾನು ಸದ್ದು ತಗೊಂಡು ಹೋಗ್ತೀನಿ, ಕಾಯಿ ನಿಮ್ಮತ್ರಾನೇ ಇರ್ಲಿ."

"ಸದ್ದು ತಗೊಂಡು ಏನ್ ಮಾಡ್ತೀಯೇ?"

ಹರ್ಷಿತಾ ತನ್ನ ಫೋನಿನಲ್ಲಿ ಎರಡು ತೆಂಗಿನ ಚಿಪ್ಪು ತಟ್ಟಿ ಕಟ್ಟಿದ್ದ ಒಂದು ತುಣುಕು ಕೇಳಿಸಿದಳು. ವಿಶಾಲಮ್ಮ ಪೂರ್ತಿ ಕೇಳಿದರು. ಒಳಗೆ ಹೋಗಿ ಕಾಯಿ ತಂದರು. ಗಡಗಡ. ಆ ಸದ್ದು ಅವರಿಗೇ ಹಿಡಿಸದೆ, ತಡಿ ಎಂದು ಮತ್ತೆ ಹತ್ತಿ ಇನ್ನೊಂದು ತಂದರು. "ಇದು ನೋಡು. ಇದು ಹನ್ನೊಂದು ತಿಂಗಳುದು."

ಪಕ್ಕದ ಮನೆಯ ಮೀನಾಕ್ಷಮ್ಮ ಗೋಡೆಯಾಚೆಯಿಂದ ಕೇಳಿಸಿಕೊಂಡರು. "ಅದೇನ್ ಮಹಾ. ನಮ್ಮನೇದು ಕೇಳ್ಬಾ."

ಅಲ್ಲಿಂದ ಮುಂದೆ ಯಾರನ್ನೂ ಕೇಳಬೇಕಾಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹದಿನೇಳು ಮನೆಯ ಹದಿನೇಳು ಹೆಂಗಸರು ಒಂದೊಂದು ಕಾಯಿ ಹಿಡಿದು ಅತ್ತೆಯ ಮನೆಯ ಜಗಲಿಯಲ್ಲಿ ಸೇರಿದ್ದರು. ಯಾರ ಅಟ್ಟದಲ್ಲಿ ಎಷ್ಟಿದೆ ಎಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಯಾರ ಕಾಯಿ ಯಾವ ಸ್ವರ ಎಂಬುದು ಊರಿಗೆಲ್ಲ ಗೊತ್ತು. ಮಹಾಂತೇಶನ ಫೋನಿಗೆ ಅಂಟಿದ್ದ ಟೇಪನ್ನು ಅತ್ತೆ ಸೀಮೆಎಣ್ಣೆ ಹಾಕಿ ಉಜ್ಜಿ ತೆಗೆದರಂತೆ.

ಗುರುವಾರ ಹರ್ಷಿತಾ ಹಾಡು ಹೊಲಿದಳು. ಹದಿನೇಳು ಕಾಯಿ ತಾಳ ಹಾಕಿದವು. ಪಲ್ಲವಿಯಲ್ಲಿ "ಆಗೈತೆ, ಆಗಿಲ್ಲ" ಎಂಬ ಅತ್ತೆಯ ದನಿ. ನನ್ನ ಫೋನು ಹೆಕ್ಕಿ ಕೊಟ್ಟದ್ದರಲ್ಲಿ ಉಪಯೋಗಕ್ಕೆ ಬಂದದ್ದು ಅದಿಷ್ಟೇ. ಶುಕ್ರವಾರ ನಾಲ್ಕೂ ಇಪ್ಪತ್ತಕ್ಕೆ ವಿಡಿಯೊ ಅಪ್‌ಲೋಡ್ ಆಯಿತು. ಗುಂಡಿ ಒತ್ತಿದ್ದು ಅವಳೇ. ನಾನು ಹೊರಗೆ ಬಟ್ಟೆ ಮಡಚುತ್ತಿದ್ದೆ.

ಮೊನ್ನೆ ಫಲಿತಾಂಶ ಬಂತು. ಕಡೆಯ ಸುತ್ತಿಗೆ ಮೂರು ತಂಡ, ಅದರಲ್ಲಿ ಇವರದೂ ಒಂದು. ಹಳೇಬೀಡಿನಲ್ಲಿ ಚಿತ್ರೀಕರಿಸಿದ ಬೇಲೂರಿನ ತಂಡವೂ ಇದೆ, ಆದ್ದರಿಂದ ಹರ್ಷಿತಾ ಇನ್ನೂ ಉಗುರು ಕಚ್ಚುತ್ತಿದ್ದಾಳೆ. ಕಡೆಯ ಸುತ್ತು ಶನಿವಾರ, ಹಾಸನದಲ್ಲಿ. ವಿಡಿಯೊದಲ್ಲಿ ಇರುವುದನ್ನು ವೇದಿಕೆಯ ಮೇಲೆ ನುಡಿಸಿ ತೋರಿಸಬೇಕು.

ಕಣಕಟ್ಟೆಗೆ ಫೋನ್ ಮಾಡಿ, ಕಾಯಿಗಳೆಲ್ಲ ಈಗ ಒಡೆದು ಕೊಬ್ಬರಿಯಾಗಿರಬೇಕಲ್ಲ ಎಂದು ಹೆದರುತ್ತಲೇ ಕೇಳಿದೆ.

"ಆವತ್ತು ನುಡಿಸಿದ್ದನ್ನ ಯಾರೂ ಒಡೆದಿಲ್ಲ" ಎಂದರು ಅತ್ತೆ. "ದೇವರ ಗೂಡಿನ ಪಕ್ಕ ಮಡಗವ್ರೆ. ನಾವೆಲ್ಲ ಬತ್ತೀವಿ ಅಂತ ಆ ಹುಡುಗೀಗೆ ಯೋಳಿ."

ಕಾಲೇಜಿನವರು ವ್ಯಾನ್ ಗೊತ್ತು ಮಾಡಿದ್ದಾರೆ. ಅದರಲ್ಲಿ ಇಪ್ಪತ್ತೊಂದು ಸೀಟು. ಕಾಯಿ ನುಡಿಸುವವರು ಹದಿನೇಳು, ಅತ್ತೆ, ಹರ್ಷಿತಾ, ಮಹಾಂತೇಶ್, ಶಿಲ್ಪಾ. ನಾನು ಎರಡು ಸಲ ಕೂಡಿ ನೋಡಿದೆ.

ಅರಸೀಕೆರೆಯಿಂದ ಹಾಸನಕ್ಕೆ ಬೆಳಿಗ್ಗೆ ರೈಲಿದೆ. ನಾನು ಅದರಲ್ಲಿ ಹೋಗುತ್ತೇನೆ.