ಲೌಸ್ಕೋನಾ ದೇವಿ ಸಕ್ರಮವಾದದ್ದು

ರೊಕ್ಕಾಲ್ಬಾ ಊರಿನ ಬುಗ್ಗೆಯ ಕಲ್ಲಿನ ಮೇಲೆ ದೇವಿಯ ಹೆಸರು ಕೆತ್ತಲು ಸಲ್ಲಿಸಿದ್ದ ಅರ್ಜಿಯನ್ನು ಪ್ರಾಚ್ಯವಸ್ತು ಕಚೇರಿ ತಿರಸ್ಕರಿಸಿತು. ಕಾರಣ, ಹೆಸರಿನ ಮುಂದೆ ನಕ್ಷತ್ರ ಚಿಹ್ನೆಯಿತ್ತು.

ನಕ್ಷತ್ರ ಹಾಕಿದವರು ಪ್ರೊಫೆಸರ್ ಫುಲ್ಜೆಂಜಿಯೊ ಚಾರ್ಲೋನೆ. ರೋಮನ್ನರಿಗಿಂತ ಮೊದಲು ಆ ಬೆಟ್ಟದವರು ಪೂಜಿಸುತ್ತಿದ್ದ ದೇವಿಯ ಹೆಸರು ಎಲ್ಲೂ ಉಳಿದಿರಲಿಲ್ಲ. ಸುತ್ತಲಿನ ಸತ್ತ ಭಾಷೆಗಳ ಪದಗಳನ್ನು ಪಕ್ಕಪಕ್ಕ ಇಟ್ಟು, ಯಾವ ಧ್ವನಿ ಹೇಗೆ ಸವೆಯಿತೆಂದು ನೋಡಿ, ಅವರು ‘*ಲೌಸ್ಕೋನಾ’ ಎಂದು ಊಹಿಸಿದ್ದರು. ಅದರಲ್ಲೇ ಅವರ ಪ್ರಾಯವೆಲ್ಲ ಕಳೆದಿತ್ತು. ಸಾಯುವ ಮೊದಲು ಅದನ್ನು ಕಲ್ಲಿನಲ್ಲಿ ನೋಡಬೇಕು. ಬೇರೆ ಆಸೆ ಇರಲಿಲ್ಲ.

“ನಕ್ಷತ್ರ ಯಾಕ್ರೀ?” ಕಚೇರಿಯ ಇನ್‌ಸ್ಪೆಕ್ಟರ್ ಕ್ವಾಲಿಯೆತ್ತಾ ಕೇಳಿದ.

“ಈ ಹೆಸರು ಊಹೆ, ಬರೆದಿದ್ದು ಎಲ್ಲೂ ಸಿಕ್ಕಿಲ್ಲ ಅಂತ. ನಮ್ಮ ಭಾಷಾಶಾಸ್ತ್ರದ ಗುರುತು ಅದು.”

“ಬರೆದಿದ್ದು ತನ್ನಿ, ಅನುಮತಿ ಕೊಡ್ತೀನಿ.”

“ಬರೆದಿದ್ದು ಸಿಕ್ಕಿದ್ರೆ ನಾನ್ಯಾಕೆ ಮುದುಕ ಆಗ್ತಿದ್ದೆ ಮಾರಾಯ?”

ಪ್ರೊಫೆಸರರ ಜೊತೆ ಬಂದಿದ್ದ ಮೇಯರ್ ಒರ್ತೆನ್ಸಿಯಾ ನಕ್ಕಳು. “ಓದಿ ಓದಿ ಕೆಟ್ರಿ, ಪ್ರೊಫೆಸ್ಸೋರೆ! ನಮ್ಮೂರಲ್ಲಿ ಅನುಮತಿ ಕೇಳಿ ಕಟ್ಟಿದೋರು ಯಾರಿದಾರೆ? ನನ್ನ ಮಹಡಿ, ಪಾದ್ರಿ ಗ್ಯಾರೇಜು, ಈ ಕ್ವಾಲಿಯೆತ್ತಾನ ಮಾವನ ಈಜುಕೊಳ, ಎಲ್ಲ ಮೊದ್ಲು ಎದ್ದಿದ್ದು, ಆಮೇಲೆ ಸಕ್ರಮ ಆಗಿದ್ದು. ಕೆತ್ತಿಸ್ಬಿಡಿ.”

ಇನ್‌ಸ್ಪೆಕ್ಟರ್ ಕಿಟಕಿಯಾಚೆ ನೋಡಿದ.

ಪ್ರೊಫೆಸರು ನಕ್ಷತ್ರಸಮೇತ ಕೆತ್ತಿಸಿದರು. ಶಾಸ್ತ್ರಕ್ಕೆ ಮೋಸವಾಗಬಾರದು.

ಮರುದಿನ ಕ್ವಾಲಿಯೆತ್ತಾ ಕಲ್ಲನ್ನು ಅಳೆದ. ‘ಲೌಸ್ಕೋನಾ ಎಂಬ ಹೆಸರನ್ನು ಅನುಮತಿಯಿಲ್ಲದೆ ಕೆತ್ತಿರುವುದು ಕಂಡುಬಂದಿದೆ’ ಎಂದು ನೋಟಿಸು ಬರೆದು ಮುದ್ರೆ ಒತ್ತಿದ. ಒತ್ತಿದವನೇ ಪ್ರೊಫೆಸರರನ್ನು ತಬ್ಬಿಕೊಂಡ.

“ಸಿಕ್ತು ಸಾರ್, ಬರೆದ ಆಧಾರ!”

“ಎಲ್ಲಿ?”

“ನನ್ನ ನೋಟಿಸಲ್ಲಿ. ಸರ್ಕಾರಿ ಕಾಗದ!”

“ನಾನು ಕೆತ್ತಿಸಿದ್ದು ನೋಡಿ ತಾನೇ ನೀನು ಬರೆದಿದ್ದು?”

“ಯಾವ ಕಾಲದ್ದಿರ್ಬೇಕು ಅಂತ ನಿಯಮದಲ್ಲಿಲ್ಲ.”

ಕೆತ್ತನೆ ಆಗಲೇ ಸಕ್ರಮವಾಯಿತು. ಆದರೆ ಆಧಾರ ಸಿಕ್ಕ ಮೇಲೂ ಕಲ್ಲಿನಲ್ಲಿ ನಕ್ಷತ್ರವಿದ್ದರೆ ಅದು ಸಾರ್ವಜನಿಕರಿಗೆ ಸುಳ್ಳು ಮಾಹಿತಿ. ನಕ್ಷತ್ರ ತೆಗೆಯಬೇಕು, ಇಲ್ಲವೇ ಕಲ್ಲನ್ನೇ ಕೆಡವಬೇಕು ಎಂದು ಕಚೇರಿ ಆಜ್ಞೆ ಮಾಡಿತು.

“ತೆಗೆದ್ರೆ ವಿದ್ವಾಂಸರು ಉಗೀತಾರೆ,” ಎಂದರು ಪ್ರೊಫೆಸರು.

“ಅವರು ಬಂದ್ರೆ ಊಟ ಹಾಕಿಸ್ತೀನಿ,” ಎಂದಳು ಮೇಯರ್.

ಪ್ರೊಫೆಸರು ಒಂದು ಕಾಫಿ ಕುಡಿದರು. ಕಲ್ಲನ್ನು ನೋಡಿದರು. ಆಮೇಲೆ ಉಳಿ ತೆಗೆದುಕೊಂಡು ನಕ್ಷತ್ರವನ್ನು ತಾವೇ ಒಡೆದರು. ವಿದ್ವಾಂಸರು ಬಂದರು, ಸುಟ್ಟ ಕುರಿಮಾಂಸ ತಿಂದರು, ಹೋದರು.

ಹೊಸ ನಿಘಂಟಿನಲ್ಲಿ ಲೌಸ್ಕೋನಾ ಇದ್ದಾಳೆ. ಆಧಾರ: ಕ್ವಾಲಿಯೆತ್ತಾ ಅವರ ನೋಟಿಸು. ಸಂಪಾದಕರು: ಚಾರ್ಲೋನೆ.