ಮೋಟರ್ ಚುಕ್ಕೆ ಸೀಲ್

ಒಂದು ಚುಕ್ಕೆಗೆ ನಾನು ಸಾವಿರದೈನೂರು ರೂಪಾಯಿ ಕೊಟ್ಟಿದ್ದೇನೆ. ದುಂದುಗಾರ ಎನ್ನಬೇಡಿ, ಕೇಳಿದ್ದು ಎರಡು ಸಾವಿರ. ಹುಣಸೂರಿನಲ್ಲಿ ನನ್ನದು ನೀರೆತ್ತುವ ಮೋಟರ್‌ಗಳ ಬಿಡಿಭಾಗಗಳ ಅಂಗಡಿ. ಯಾವ ಮಾಲು ಎಲ್ಲಿದೆ ಎಂದು ಹೇಳುವ ಪ್ರೋಗ್ರಾಂ ಒಂದನ್ನು ಮಿರ್ಲೆಯ ಶಿವಲೀಲಾ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದುಕೊಟ್ಟಿದ್ದಳು. ಅಂಗಡಿಯಂತೆಯೇ ಅದರಲ್ಲೂ ಬೀರುವಿನೊಳಗೆ ಡಬ್ಬಿ, ಡಬ್ಬಿಯೊಳಗೆ ಪೊಟ್ಟಣ. ಆದರೆ ಒಂದೊಂದರ ಮುಚ್ಚಳ ತೆಗೆಯಲೂ ಬ್ರಾಕೆಟ್ ಹಾಕಿ, ಒಳಗೆ ಉದ್ಧರಣ ಚಿಹ್ನೆ ಹಾಕಿ, ಹೆಸರು ಬರೆದು, ಮತ್ತೆ ಎಲ್ಲವನ್ನೂ ಮುಚ್ಚಬೇಕು. ಒಂದೇ ಬೆರಳಿನಲ್ಲಿ ಟೈಪ್ ಮಾಡುವ ನಾನು ಮೋಟರ್‌ನಿಂದ ನೀರು ಸೋರದಂತೆ ತಡೆಯುವ ಒಂದು ಸೀಲ್ ಹುಡುಕುವಷ್ಟರಲ್ಲಿ ಗಿರಾಕಿ ಟೀ ಕುಡಿದು ಬರುತ್ತಿದ್ದ. ಕೆಲವರು ಬರುತ್ತಲೂ ಇರಲಿಲ್ಲ.

“ಈ ಬ್ರಾಕೆಟ್ ಸಹವಾಸ ಬೇಡ ಕಣಮ್ಮ. ಮಧ್ಯೆ ಒಂದು ಚುಕ್ಕೆ ಇಟ್ರೆ ಸಾಕು ಅನ್ನೋ ಹಂಗೆ ಮಾಡು,” ಎಂದೆ.

“ಮಾಡ್ಬೋದು ಅಣ್ಣ. ಒಳಗಿರೋ ಡಬ್ಬಿನೆಲ್ಲ ಆಬ್ಜೆಕ್ಟ್ ಮಾಡ್ಬೇಕು, ಆಗ ಚುಕ್ಕೆ ಇಟ್ರೆ ತೆರ್ಕೊಳ್ತವೆ. ಎರಡು ಸಾವಿರ.”

“ಒಂದು ಚುಕ್ಕೆಗಾ?”

“ನಿಮ್ಮಂಗಡಿ ವಾಷರ್ ಏನ್ ಮಹಾ ದೊಡ್ಡದು? ಬಿಟ್ಟಿ ಕೊಡ್ತೀರಾ?”

ಐನೂರು ಇಳಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತು. ಆಮೇಲೆ ಮಾತ್ರ ಸುಖವೋ ಸುಖ. ಮೋಟರ್ ಚುಕ್ಕೆ ಮೂರೆಚ್‌ಪಿ ಚುಕ್ಕೆ ಸೀಲ್ ಎಂದರೆ ಸಾಕು, ಎಷ್ಟಿದೆ ಎಂದು ಬಂದುಬಿಡುತ್ತಿತ್ತು.

ಒಂದು ಬೆಳಿಗ್ಗೆ ಅಂತರಸಂತೆಯ ಸಿದ್ದಪ್ಪನವರು ಬಂದರು. ಮಧ್ಯಾಹ್ನ ಮೂರಕ್ಕೆ ಅವರಿಗೆ ತ್ರೀ ಫೇಸ್ ಕರೆಂಟು. ಅಷ್ಟರಲ್ಲಿ ಮೋಟರ್ ಜೋಡಿಸದಿದ್ದರೆ ಶುಂಠಿಗೆ ಆವತ್ತೂ ನೀರಿಲ್ಲ.

“ಮೂರೆಚ್‌ಪಿ ಸೀಲ್ ಐತಾ? ಬೇಗ ಯೋಳಿ, ಇಲ್ದಿದ್ರೆ ಮೈಸೂರ್ ಬಸ್ ಅತ್ತೀನಿ.”

ಠೀವಿಯಿಂದ ಟೈಪ್ ಮಾಡಿದೆ. ಪರದೆಯ ತುಂಬ ಕೆಂಪಕ್ಷರ. ಮೂರೆಚ್‌ಪಿ ಎಂಬ ಡಬ್ಬಿಯೇ ಇಲ್ಲವಂತೆ.

“ಇಲ್ಲ ಕಣ್ರೀ ಸಿದ್ದಪ್ಪೋರೆ. ಕಂಪ್ಯೂಟರೇ ಹೇಳ್ತಾ ಇದೆ.”

ಅವರು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದರು. ಒಳಗಿನಿಂದ ನನ್ನ ಹೆಂಡತಿ ಗೌರಿಯ ದನಿ ಬಂತು: “ರೀ, ಗಲ್ಲಾದ ಕೆಳಗಿನ ಡ್ರಾಯರ್ ನೋಡಿದ್ರಾ?”

ನಮ್ಮ ವ್ಯಾಪಾರದ ಒಂದು ಅಭ್ಯಾಸ ಹೇಳಬೇಕು. ಯಾವುದೇ ಮಾಲು ಒಂದೇ ಉಳಿದರೆ ಅದನ್ನು ಬೀರುವಿನಿಂದ ಎತ್ತಿ ಡ್ರಾಯರಿಗೆ ಹಾಕುತ್ತೇನೆ. “ಬೇರೆಯವರಿಗೆ ತೆಗೆದಿಟ್ಟಿದ್ದೆ, ನಿಮಗಾಗಿ ಕೊಡ್ತೀನಿ” ಎಂದರೆ ಯಾರೂ ಚೌಕಾಸಿ ಮಾಡುವುದಿಲ್ಲ. ಕೊನೆಯ ಮೂರೆಚ್‌ಪಿ ಸೀಲೂ ಹಾಗೆಯೇ ಡ್ರಾಯರ್ ಸೇರಿತ್ತು; ಬೀರುವಿನ ಡಬ್ಬಿ ಖಾಲಿಯಾಯಿತಲ್ಲ ಎಂದು ಹಿಂದಿನ ವಾರ ಪ್ರೋಗ್ರಾಮಿನಿಂದಲೂ ಅದನ್ನು ಅಳಿಸಿದವನು ನಾನೇ. ನಡುವಿನ ಡಬ್ಬಿಯೇ ಇಲ್ಲದಿದ್ದರೆ ಮುಂದಿನ ಚುಕ್ಕೆ ಪಾಪ ಯಾವುದಕ್ಕೆ ಜೋತುಬೀಳಬೇಕು?

ಗೌರಿ ಸಿದ್ದಪ್ಪನವರನ್ನು ಕೂಗಿ ಕರೆದು, ಪೊಟ್ಟಣದ ಮೇಲೆ ಅಚ್ಚಾದ ಬೆಲೆಗೇ ಸೀಲ್ ಕೊಟ್ಟಳು.

“ನಿಮ್ಮ ಕಂಪ್ಯೂಟರ್‌ಗಿಂತ ನೀವೇ ವಾಸಿ ಬುಡಿ ಅಕ್ಕಾ,” ಎಂದು ಅವರು ಊರಿನ ಬಸ್ಸಿಗೆ ಓಡಿದರು.

ನೀವೂ ಚುಕ್ಕೆ ಹಾಕಿಸಿಕೊಳ್ಳಿ, ಬೆರಳಿಗೆ ಆರಾಮ. ಆದರೆ ಕೊನೆಯ ಮಾಲನ್ನು ಎಲ್ಲಿ ಬಚ್ಚಿಟ್ಟಿರಿ ಎಂದು ಕಂಪ್ಯೂಟರಿಗೆ ಮರೆಯದೆ ತಿಳಿಸಿ. ಹೆಂಡತಿಗೆ ತಿಳಿಸುವ ಶ್ರಮ ಬೇಡ, ಅವರಿಗೆ ಗೊತ್ತೇ ಇರುತ್ತದೆ.