ದೊಡ್ಡಪ್ಪ ಕಲಿಸಿದ ರಸ್ತೆ ಸೇರುವ ವಿದ್ಯೆ

ಮೈಸೂರಿನಲ್ಲಿ ಕಾರಿಲ್ಲದೆ ಕಾರು ಓಡಿಸುವುದನ್ನು ಕಲಿಸಿದವರು ಯಾರಾದರೂ ಇದ್ದರೆ, ಅದು ನಮ್ಮ ದೊಡ್ಡಪ್ಪ ಒಬ್ಬರೇ. ಅವರು ಬಸ್ಸು ಓಡಿಸಿ ರಿಟೈರಾದವರು. ಸ್ಟೀರಿಂಗು, ಗೇರು ಎಲ್ಲ ಯಾರು ಬೇಕಾದರೂ ಕಲಿಯಬಹುದಂತೆ. ಅಡ್ಡರಸ್ತೆಯಿಂದ ಬಂದು ದೊಡ್ಡ ರಸ್ತೆಗೆ ಸೇರಿಕೊಳ್ಳುವುದಿದೆಯಲ್ಲ, ವಿದ್ಯೆ ಅಂದರೆ ಅದಂತೆ.

ಅರವತ್ತರ ದಶಕ. ನಾನಾಗ ಸ್ಕೂಲ್ ಟೀಚರ್. ನನ್ನ ಮೊದಲ ಪಾಠ ನಡೆದದ್ದು ಭಾನುವಾರ, ದೇವರಾಜ ಮಾರುಕಟ್ಟೆಯ ನೂಕುನುಗ್ಗಲಿನಲ್ಲಿ. ಓಣಿಯ ಬಾಯಲ್ಲಿ ನಿಲ್ಲಿಸಿ, "ಯಾರಿಗೂ ತಾಗದೆ, ಯಾರನ್ನೂ ನಿಲ್ಲಿಸದೆ ಒಳಕ್ಕೆ ಸೇರ್ಕೋ" ಅಂದರು. ನಾನು ಸೇರಿದ್ದು ನೇರ ಹೂವಾಡಗಿತ್ತಿಯ ಬುಟ್ಟಿಗೆ. ಅವಳು ದೊಡ್ಡಪ್ಪನನ್ನು ಮೇಲಿಂದ ಕೆಳಗೆ ನೋಡಿ, "ಏನ್ ಸ್ವಾಮಿ, ಮಗಳಿಗೆ ಈಗ ನಡೆಯೋದು ಕಲಿಸ್ತಿದೀರಾ?" ಅಂದಳು.

ತಿಂಗಳಾದ ಮೇಲೆ ಅವರ ಹಳೇ ಕಾರು ನನ್ನ ಕೈಗೆ ಬಂತು. ಸರಸ್ವತಿಪುರಂನ ಅಡ್ಡರಸ್ತೆ ಮುಗಿಯುವಲ್ಲಿ ಬಸ್ಸು, ಜಟಕಾ, ಕಾಲೇಜು ಹುಡುಗರ ಸೈಕಲ್ಲು, ಎಲ್ಲ ಹೋಗುವವರೆಗೂ ನಾನು ನಿಂತೇ ಇದ್ದೆ.

"ರಸ್ತೆ ಖಾಲಿಯಾಗ್ಲಿ ಅಂತಾನಾ? ಹಾಗಾದ್ರೆ ಮನೆಗೆ ಹೋಗಿ ಊಟ ಮಾಡ್ಕೊಂಡು ಬರೋಣ" ಅಂದರು ದೊಡ್ಡಪ್ಪ. ಆಮೇಲೆ ಮೆತ್ತಗೆ, "ಬರೋರ ವೇಗ ನೋಡಮ್ಮ. ನಿನ್ನ ವೇಗ ಅದಕ್ಕೆ ಹೊಂದಿಸ್ಕೋ. ಜಾಗ ಕಂಡಾಗ ಅನುಮಾನ ಪಡಬೇಡ."

ನಾನು ಹೊಂದಿಸಿಕೊಂಡೆ, ಹುಲ್ಲಿನ ಗಾಡಿಯ ವೇಗಕ್ಕೆ. ಎರಡು ಫರ್ಲಾಂಗು ಅದರ ಹಿಂದೆಯೇ ಹೋದೆ. ಗಾಡಿಯವನು ತಿರುಗಿ ನೋಡಿ, "ಯಾಕವ್ವಾ, ನಿಮ್ ಕಾರಿಗೂ ಎತ್ತು ಕಟ್ಬೇಕಾ?" ಅಂದ. ದೊಡ್ಡಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಕಟ್ಟಿದೀವಪ್ಪ, ಒಳಗೆ ಕೂತಿದೆ" ಅಂದರು.

ಮುಂದಿನ ವರ್ಷ ನನಗೆ ಲೈಸೆನ್ಸೂ ಬಂತು. ಒಂದು ಬೆಳಿಗ್ಗೆ ದೊಡ್ಡಮ್ಮ ಅಡುಗೆಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿದರು. ದೊಡ್ಡಪ್ಪ ಕೀಲಿ ಹಿಡಿದು ಕಾರಿನ ಹತ್ತಿರ ಓಡಿದರು. ಎಷ್ಟು ತಡಕಿದರೂ ಕೀಲಿ ತೂತಿಗೇ ಹೋಗಲಿಲ್ಲ.

"ನೀನೇ ನಡೆಸಮ್ಮ" ಅಂದು ಹಿಂದಿನ ಸೀಟಿನಲ್ಲಿ ದೊಡ್ಡಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು.

ಆಫೀಸಿನ ಹೊತ್ತು, ರಸ್ತೆ ತುಂಬ ಜನ. ಎರಡು ಬಸ್ಸುಗಳ ನಡುವೆ ಜಾಗ ಕಂಡಿತು, ಸೇರಿಕೊಂಡೆ. ಆಸ್ಪತ್ರೆ ಮುಟ್ಟುವವರೆಗೂ ಹಿಂದಿನ ಸೀಟಿನಿಂದ ಒಂದು ಬೈಗುಳವೂ ಇಲ್ಲ.

ಮಧ್ಯಾಹ್ನ ಡಾಕ್ಟರು ಬಂದು, ಸದ್ಯ ಭಯವಿಲ್ಲ ಅಂದರು. ನನಗೂ ಜೀವ ಬಂತು. ವರಾಂಡದ ಬೆಂಚಿನಲ್ಲಿ ಕೂತಿದ್ದ ದೊಡ್ಡಪ್ಪನನ್ನು ಕೇಳಿದೆ: "ದೊಡ್ಡಪ್ಪ, ನಾನು ರಸ್ತೆ ಸೇರಿದ್ದು ಸರಿಯಾಗಿತ್ತಾ?"

ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು.

"ರಸ್ತೆ ಯಾರು ನೋಡಿದ್ರು ಕಣಮ್ಮ? ನಾನು ಅವಳ ಮುಖಾನೇ ನೋಡ್ತಿದ್ದೆ."